ಟ್ರೇಲ್ ಕ್ಯಾಮೆರಾ ನೋಡಿ ಜಿಂಕೆ ಹೊಡೆಯುವುದೂ ಬೇಟೆಯೇನಾ?

ಓಕ್ ಮರದಡಿ (ಪೆನ್ಸಿಲ್ವೇನಿಯಾ)

ಮೊದಲೇ ಹೇಳಿಬಿಡುತ್ತೇನೆ. ಇದು ಅಮೆರಿಕದ ವೈಟ್‌ಟೇಲ್ ಜಿಂಕೆಯ ವಿಷಯ. ಲೈಸೆನ್ಸ್, ಟ್ಯಾಗ್, ಸೀಸನ್ ಎಲ್ಲಾ ಇದ್ದು ಕಾನೂನಿನ ಪ್ರಕಾರ ಆಡುವ ಬೇಟೆ. ಊರಿನಲ್ಲಿ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಜಿಂಕೆ ಮುಟ್ಟುವ ಹಾಗಿಲ್ಲ. ಅದು ಸರಿಯಾಗಿಯೇ ಇದೆ. ಆ ಜಗಳ ಇಲ್ಲಿ ಬೇಡ.

ಇಲ್ಲಿ ರೈಫಲ್ ಸೀಸನ್ ಥ್ಯಾಂಕ್ಸ್‌ಗಿವಿಂಗ್ ಆದ ಶನಿವಾರ ಶುರು. 2019ಕ್ಕೆ ಮುಂಚೆ ಸೋಮವಾರ ಇತ್ತು, ಹಳಬರು ಇನ್ನೂ ಅದಕ್ಕೇ ಗೊಣಗುತ್ತಾರೆ. ನಾವು ಕೆಲವರು ಗೆಳೆಯನ ಜಮೀನಿನಲ್ಲಿ ಸೇರುತ್ತೇವೆ. ಈಗ ಬಂದು ಸೇರಿರುವ ಹುಡುಗರು ಗುಡ್ಡದ ತುಂಬಾ ಮರಗಳಿಗೆ ಟ್ರೇಲ್ ಕ್ಯಾಮೆರಾ ಕಟ್ಟಿದ್ದಾರೆ, ಅದೂ ಮೊಬೈಲ್ ನೆಟ್‌ವರ್ಕ್ ಇರುವ ಸೆಲ್ಯುಲರ್ ಥರದ್ದು. ಜಿಂಕೆ ಮುಂದೆ ಹಾದರೆ ಸಾಕು, ಫೋಟೋ ನೇರ ಫೋನಿಗೆ ಬರುತ್ತದೆ. ಆಫೀಸಿನ ಮೀಟಿಂಗ್‌ನಲ್ಲಿ ಕೂತು ಯಾವ ಬಕ್ (ಗಂಡು ಜಿಂಕೆ) ಯಾವ ಹಳ್ಳ ದಾಟಿತು ಅಂತ ನೋಡುತ್ತಾರೆ. ಒಂದೊಂದಕ್ಕೂ ಹೆಸರು ಬೇರೆ ಇಟ್ಟಿದ್ದಾರೆ. ಆದರೆ ಈ ಸಲ ಜಿಂಕೆ ತಿನ್ನುವ ಕಾಯಿ ಯಾವ ಓಕ್ ಮರ ಬಿಟ್ಟಿದೆ, ಬಿಳಿ ಓಕಾ ಕೆಂಪು ಓಕಾ ಅಂತ ಕೇಳಿದರೆ ಒಬ್ಬರಿಗೂ ಗೊತ್ತಿಲ್ಲ. ನಡೆದು ನೋಡಿದರೆ ತಾನೇ ಗೊತ್ತಾಗುವುದು?

ಕ್ಯಾಮೆರಾ ಪೂರ್ತಿ ಬೇಡ ಅನ್ನುತ್ತಿಲ್ಲ. ಆದರೆ ಫೋನಿಗೆ ಆಗಲೇ ಫೋಟೋ ಬಂದು, ಅದನ್ನು ನೋಡಿಕೊಂಡು ಕೋವಿ ಹಿಡಿದು ಹೊರಡುವುದಿದೆಯಲ್ಲ, ಅದು ನನಗೆ ಗಂಟಲಲ್ಲಿ ಇಳಿಯುವುದಿಲ್ಲ. ಪ್ರಶ್ನೆಪತ್ರಿಕೆ ಲೀಕ್ ಆದಮೇಲೆ ರ‍್ಯಾಂಕ್ ಬಂದ ಹಾಗೆ. ನೀವೇನು ಹೇಳುತ್ತೀರಿ?

ಬ್ಯಾಟರಿ ಖಾಲಿ (ವಿಸ್ಕಾನ್ಸಿನ್)

ಬಂತು ನೋಡಿ, ವರ್ಷಕ್ಕೊಂದು ಸಲ ಬರುವ ಜಗಳ.

ಓಕ್ ಮರದಡಿ ಅವರೇ, ನಿಮಗೆ ಸಮಯ ಇದೆ ಅನ್ನಿಸುತ್ತದೆ, ಒಳ್ಳೆಯದು. ನನಗೆ ಇಬ್ಬರು ಸಣ್ಣ ಮಕ್ಕಳು, ಹೆಂಡತಿಗೆ ರಾತ್ರಿ ಪಾಳಿ, ಇಲ್ಲಿ ಕೋವಿ ಸೀಸನ್ ಇರುವುದೇ ಒಂಬತ್ತು ದಿನ, ಅದರಲ್ಲಿ ನನಗೆ ಸಿಗುವುದು ಶನಿವಾರ ಭಾನುವಾರ ಮಾತ್ರ. ಅಕ್ಟೋಬರ್ ಪೂರ್ತಿ ಕಾಡು ಸುತ್ತಿಕೊಂಡಿರಲು ನನ್ನ ಕೈಲಿ ಆಗುವುದಿಲ್ಲ. ಎರಡು ಕ್ಯಾಮೆರಾ ಅದನ್ನು ಮಾಡುತ್ತವೆ. ತಪ್ಪೇನು?

ಇನ್ನೊಂದು. ಕ್ಯಾಮೆರಾ ಇರುವುದರಿಂದಲೇ ನಾನು ಎಳೆಯ ಬಕ್‌ಗಳನ್ನು ಬಿಟ್ಟುಬಿಡುತ್ತೇನೆ. ದೊಡ್ಡದು ಇದೆ ಅಂತ ಗೊತ್ತಿರುತ್ತದಲ್ಲ. ಏನೂ ಗೊತ್ತಿಲ್ಲದೆ ಕೂತವನು ಮೊದಲು ಬಂದದ್ದಕ್ಕೇ ಈಡು ಹಾರಿಸುತ್ತಾನೆ. ಯಾವುದು ಕಾಡಿಗೆ ಒಳ್ಳೆಯದು ಹೇಳಿ.

ಅಂದ ಹಾಗೆ ನಿಮ್ಮ ರೈಫಲ್‌ಗೆ ಸ್ಕೋಪ್ ಇದೆ ಅಲ್ವಾ? ಫೋನಿನಲ್ಲಿ ಗಾಳಿ ದಿಕ್ಕು ತೋರಿಸುವ ಆ್ಯಪ್? ಸ್ಯಾಟಲೈಟ್ ಮ್ಯಾಪ್? ಅದೆಲ್ಲಾ ಅಜ್ಜನ ಕಾಲದಿಂದ ಬಂದ ವಿದ್ಯೆಯಾ? ಕ್ಯಾಮೆರಾ ಒಂದೇ ಪಾಪ ಮಾಡಿದ್ದಾ?

ಹಿಮಜಾಡು (ವರ್ಮಾಂಟ್)

ನಾನಿರುವ ಕಡೆ ಈ ಪ್ರಶ್ನೆಯೇ ಬೇರೆ ಥರ. ಜೋಳದ ಹೊಲ, ಸೋಯಾ ಹೊಲ ಇರುವ ಊರಿನ ಜಿಂಕೆ ದಿನಾ ಒಂದೇ ದಾರಿಯಲ್ಲಿ ಬರುತ್ತದೆ, ಕ್ಯಾಮೆರಾ ಅಲ್ಲಿಗೆ ಸರಿ. ಇಲ್ಲಿ, ಆಮೇಲೆ ಮೇಯ್ನ್ ರಾಜ್ಯದ ಉತ್ತರದಲ್ಲಿ, ಮೈಲಿಗಟ್ಟಲೆ ಬರೀ ಕಾಡು. ಬೆದೆಗಾಲದಲ್ಲಿ ಒಂದು ಗಂಡು ಇವತ್ತು ಇಲ್ಲಿದ್ದರೆ ನಾಳೆ ಎರಡು ಗುಡ್ಡ ಆಚೆ. ನಿನ್ನೆ ರಾತ್ರಿಯ ಫೋಟೋ ಇಟ್ಟುಕೊಂಡು ಏನು ಮಾಡುವುದು?

ನಮ್ಮ ಕಡೆ ಬೆನ್ವಾ ಮನೆತನದವರು ಹೆಸರುವಾಸಿ, ಲ್ಯಾರಿ ಬೆನ್ವಾ ಮತ್ತು ಮಕ್ಕಳು. ಹಿಮ ಬಿದ್ದ ಬೆಳಿಗ್ಗೆ ದೊಡ್ಡ ಹೆಜ್ಜೆ ಹುಡುಕಿ, ಅದರ ಹಿಂದೆಯೇ ದಿನವಿಡೀ ನಡೆಯುವ ಪದ್ಧತಿ ಅವರದು. ನಾನು ಕಲಿತಿರುವುದೂ ಆ ದಾರಿಯೇ, ಅವರ ಮಟ್ಟಕ್ಕಲ್ಲ ಬಿಡಿ.

ಹೆಜ್ಜೆಯಲ್ಲಿ ಏನೇನು ಇರುತ್ತದೆ ಅಂತ ಹೇಳುತ್ತೇನೆ ಕೇಳಿ. ಬೆರಳು ಗಾತ್ರದ ತೆಳು ಹಿಮದಲ್ಲೂ ಗೊರಸಿನ ತುದಿ ಎಳೆದುಕೊಂಡು ಹೋದ ಗೆರೆ ಇದ್ದರೆ ಗಂಡು ಇರಬಹುದು ಅಂತ ಅನುಮಾನ ಪಡಬೇಕು. ಹಿಮ ಆಳ ಇದ್ದರೆ ಎಲ್ಲವೂ ಎಳೆಯುತ್ತವೆ, ಆ ಗುರುತು ನಂಬಬೇಡಿ. ಹೆಣ್ಣು ಉಚ್ಚೆ ಹೊಯ್ದರೆ ನಿಂತು ಒಂದೇ ಕಡೆ ಹೊಯ್ಯುತ್ತದೆ, ಗಂಡು ನಡೆಯುತ್ತಲೇ ಹನಿಸಿಕೊಂಡು ಹೋಗುತ್ತದೆ. ತಲೆ ಬಗ್ಗಿಸಿ ಮೇವು ಕೆದಕಿದ ಜಾಗದಲ್ಲಿ ಮೂತಿಯ ಗುರುತಿನ ಎರಡೂ ಪಕ್ಕ ಸಣ್ಣ ತೂತು ಬಿದ್ದಿದ್ದರೆ ಅದು ಕೊಂಬಿನ ತುದಿ. ಎಷ್ಟು ಅಗಲ ಅಂತ ಕೈಯಲ್ಲೇ ಅಳೆಯಬಹುದು. ಮಲಗಿ ಎದ್ದ ಗುಂಡಿಯೊಳಗೆ ಕೈ ಇಟ್ಟು ನೋಡಿ. ಮೆತ್ತಗೆ ಒದ್ದೆಯಾಗಿದ್ದರೆ ಈಗ ತಾನೇ ಎದ್ದಿದೆ. ಗಾಜಿನ ಹಾಗೆ ಗಟ್ಟಿ ಪದರ ಕಟ್ಟಿದ್ದರೆ ಎದ್ದು ಬಹಳ ಹೊತ್ತಾಗಿದೆ.

ಇದೆಲ್ಲಾ ಗೊತ್ತಿದ್ದೂ ಹೆಚ್ಚು ದಿನ ಬರಿಗೈಯಲ್ಲಿ ಬರುತ್ತೇನೆ. ನನಗೆ ಬೇಜಾರಿಲ್ಲ, ಮನೆಯವರಿಗೆ ಇದೆ.

ಸಸ್ಯಾಹಾರಿ ಆದರೂ ಕೇಳುತ್ತೇನೆ (ನ್ಯೂಜೆರ್ಸಿ)

ಬೈಯಬೇಡಿ. ಕ್ಯಾಮೆರಾದಲ್ಲಿ ಅಷ್ಟು ಚೆನ್ನಾಗಿ ಫೋಟೋ ಬರುತ್ತದೆ ಅಂದಮೇಲೆ ಅದನ್ನೇ ನೋಡಿ ಖುಷಿಪಟ್ಟು ಸುಮ್ನೆ ಇರಬಾರದಾ?

ಓಕ್ ಮರದಡಿ (ಪೆನ್ಸಿಲ್ವೇನಿಯಾ)

ಬೈಯುವುದು ಯಾಕೆ, ಒಳ್ಳೆ ಪ್ರಶ್ನೆ. ನಮ್ಮ ರಾಜ್ಯದವರೇ ಒಬ್ಬರು ಅದನ್ನೇ ಮಾಡಿದರು. ಜಾರ್ಜ್ ಶಿರಾಸ್ ಅಂತ, ಮನೆತನದಲ್ಲಿ ಆ ಹೆಸರಿನ ಮೂರನೆಯವರು. ಅಪ್ಪ ಸುಪ್ರೀಂ ಕೋರ್ಟ್ ಜಡ್ಜ್, ಇವರು ವಕೀಲರು, ಒಂದು ಅವಧಿಗೆ ಅಮೆರಿಕದ ಸಂಸತ್ತಿಗೂ ಹೋಗಿದ್ದರು. ಬೇಟೆ ಹುಚ್ಚು. ಮಿಷಿಗನ್‌ನ ಉತ್ತರದಲ್ಲಿ ವೈಟ್‌ಫಿಶ್ ಲೇಕ್ ಅಂತ ಇದೆ, ಅಲ್ಲಿ ರಾತ್ರಿ ದೋಣಿಯ ಮುಂದೆ ದೀಪ ಇಟ್ಟುಕೊಂಡು ದಡದ ಜಿಂಕೆಯ ಕಣ್ಣು ಹೊಳೆದಾಗ ಗುಂಡು ಹೊಡೆಯುವ ಪದ್ಧತಿ ಇತ್ತು. ಶಿರಾಸ್ ಅದೇ ದೋಣಿ, ಅದೇ ದೀಪ ಇಟ್ಟುಕೊಂಡು ಕೋವಿಯ ಜಾಗಕ್ಕೆ ಕ್ಯಾಮೆರಾ ತಂದರು. ಆಮೇಲೆ ದಾರಿಗೆ ಅಡ್ಡ ದಾರ ಕಟ್ಟಿ, ಪ್ರಾಣಿ ಬಂದು ಎಳೆದರೆ ಫ್ಲ್ಯಾಶ್ ಹೊತ್ತಿ ಫೋಟೋ ಆಗುವ ಹಾಗೆ ಮಾಡಿದರು. 1906ರ ಜುಲೈನಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಅವರ 74 ಫೋಟೋ ಹಾಕಿತು.

ಅಂದರೆ ಈ ಟ್ರೇಲ್ ಕ್ಯಾಮೆರಾ ಹುಟ್ಟಿದ್ದೇ ಕೋವಿ ಕೆಳಗಿಟ್ಟ ಬೇಟೆಗಾರನ ಕೈಯಲ್ಲಿ. ಈಗ ಅದೇ ಕ್ಯಾಮೆರಾ ಕೋವಿಗೆ ದಾರಿ ತೋರಿಸುತ್ತಿದೆ.

ಸುಮ್ನೆ ಇರಬಾರದಾ ಅಂದಿರಿ. ತೋಳ, ಪ್ಯೂಮಾ ಎಲ್ಲಾ ಇಲ್ಲಿಂದ ಹೋಗಿ ಶತಮಾನ ಆಯಿತು. ಜಿಂಕೆ ಜಾಸ್ತಿ ಆದ ಕಾಡಿನೊಳಗೆ ಒಮ್ಮೆ ಹೋಗಿ ನೋಡಿ, ಮೊಣಕಾಲಿನಿಂದ ಎದೆಯವರೆಗೆ ಒಂದು ಓಕ್ ಸಸಿ ಕಾಣುವುದಿಲ್ಲ, ಎಲ್ಲಾ ಮೇಯ್ದಿರುತ್ತವೆ, ಉಳಿಯುವುದು ಜರೀಗಿಡ. ಮತ್ತೆ ನಾವು ಕೊಳ್ಳುವ ಕೋವಿ, ತೋಟೆಯ ಮೇಲಿನ ತೆರಿಗೆ 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆ ಪ್ರಕಾರ ವನ್ಯಜೀವಿ ಕೆಲಸಕ್ಕೆ ಹೋಗುತ್ತದೆ. ನೀವು ಒಪ್ಪಲೇಬೇಕು ಅಂತಿಲ್ಲ.

ಬಿಸಿಲೂರು (ಅರಿಜೋನಾ)

ನಮ್ಮಲ್ಲಿ ಈ ಚರ್ಚೆ ಮುಗಿದುಹೋಗಿದೆ. 2022ರ ಜನವರಿ 1ರಿಂದ ಬೇಟೆಗಾಗಿ ಟ್ರೇಲ್ ಕ್ಯಾಮೆರಾ ಬಳಸುವುದೇ ಬಂದ್. ನಾನು ಬೇಟೆಯಾಡುವುದಿಲ್ಲ, ಬೆಟ್ಟ ಹತ್ತುತ್ತೇನೆ ಅಷ್ಟೆ. ಆದರೆ ಮುಂಚೆ ಹೇಗಿತ್ತು ಅಂತ ನೋಡಿದ್ದೇನೆ. ಇದು ಒಣ ನಾಡು. ಬೇಸಿಗೆಯಲ್ಲಿ ನೀರು ಇರುವುದು ಬೆರಳೆಣಿಕೆಯ ಗುಂಡಿಗಳಲ್ಲಿ. ಒಂದೇ ಗುಂಡಿಯ ಸುತ್ತ ಹತ್ತಾರು ಕ್ಯಾಮೆರಾ ಕಟ್ಟಿ, ಫೋಟೋ ಇರುವ ಮೆಮೊರಿ ಕಾರ್ಡ್ ತೆಗೆಯಲು ಒಬ್ಬರಾದಮೇಲೆ ಒಬ್ಬರು ಬಂದು ಹೋದರೆ ಪ್ರಾಣಿ ನೀರು ಕುಡಿಯುವುದು ಯಾವಾಗ? ನನಗೆ ನ್ಯಾಯದ ಪ್ರಶ್ನೆಗಿಂತ ಇದೇ ದೊಡ್ಡದು ಅನ್ನಿಸುತ್ತದೆ.

ಪಕ್ಕದ ಯೂಟಾದಲ್ಲಿ ಸರ್ಕಾರಿ ಜಾಗದಲ್ಲಿ ಜುಲೈ 31ರಿಂದ ಡಿಸೆಂಬರ್ 31ರವರೆಗೆ ಇಡುವ ಹಾಗಿಲ್ಲ. ನೆವಾಡಾದಲ್ಲೂ ಹೆಚ್ಚು ಕಡಿಮೆ ಹಾಗೇ. ಕಾನ್ಸಾಸ್ 2023ರಲ್ಲಿ ತನ್ನ ಇಲಾಖೆಯ ಜಾಗಗಳಲ್ಲಿ ನಿಲ್ಲಿಸಿತು, ಅಲ್ಲಿ ಜನರ ಖಾಸಗಿತನದ ದೂರೂ ಇತ್ತು.

ಬ್ಯಾಟರಿ ಖಾಲಿ (ವಿಸ್ಕಾನ್ಸಿನ್)

ನೀರಿನ ಗುಂಡಿ ಮಾತು ಒಪ್ಪುತ್ತೇನೆ. ಇಲ್ಲಿ ಹೆಜ್ಜೆಗೊಂದು ಕೆರೆ, ಆ ಕಾನೂನು ಇಲ್ಲಿಗೆ ತಂದರೆ ಅರ್ಥ ಇಲ್ಲ. ಮತ್ತೆ ನೋಡಿ, ನೀವು ಹೇಳಿದ ತೊಂದರೆ ಕಾರ್ಡ್ ತೆಗೆಯಲು ಹೋಗುವವರದು. ಸೆಲ್ಯುಲರ್ ಕ್ಯಾಮೆರಾಕ್ಕೆ ಯಾರೂ ಹೋಗುವುದೇ ಬೇಡ. ಓಕ್ ಮರದಡಿ ಅವರು ಕೆಟ್ಟದ್ದು ಅಂದದ್ದೇ ಕಾಡಿಗೆ ಕಡಿಮೆ ಕಾಟ ಕೊಡುವ ಕ್ಯಾಮೆರಾ! ಇದಕ್ಕೆ ಉತ್ತರ ಕೊಡಿ.

ಓಕ್ ಮರದಡಿ (ಪೆನ್ಸಿಲ್ವೇನಿಯಾ)

ಸರಿಯಾದ ಏಟು. ಕಾರ್ಡ್ ತೆಗೆಯಲು ಹೋಗಿ ಬಂದ ದಾರಿಯಲ್ಲಿ ನಮ್ಮ ವಾಸನೆ ಉಳಿಯುತ್ತದೆ, ಅದು ನಿಜ. ಕ್ಯಾಮೆರಾ ನೋಡಲು ವಾರ ವಾರ ಹೋಗಿ ಹೋಗಿಯೇ ಜಾಗ ಕೆಡಿಸಿಕೊಂಡವರು ಎಷ್ಟೋ ಜನ. ಜಿಂಕೆ ಆ ಕಡೆ ರಾತ್ರಿ ಮಾತ್ರ ಬರಲು ಶುರು ಮಾಡುತ್ತದೆ, ಇವರು "ನನ್ನ ಬಕ್ ನಿಶಾಚರ" ಅಂತ ಬರೆದುಕೊಳ್ಳುತ್ತಾರೆ.

ಆದರೂ ನನ್ನ ತಕರಾರು ಇರುವುದು ಹೊತ್ತಿನ ಬಗ್ಗೆ. ಕಾರ್ಡಿನ ಫೋಟೋ ಹಳೆಯದು. ಅದನ್ನು ನೋಡಿದಮೇಲೂ ನಾನು ಯೋಚಿಸಲೇಬೇಕು: ಅದು ಅಲ್ಲಿ ಯಾಕೆ ಬಂತು, ಗಾಳಿ ಯಾವ ಕಡೆಯಿಂದಿತ್ತು, ಮಲಗುವ ಜಾಗ ಎಲ್ಲಿರಬಹುದು. ಫೋನಿನ ಫೋಟೋ ಈಗಿನದು. ಯೋಚನೆ ಬೇಡ, ಎದ್ದು ಹೊರಟರೆ ಆಯಿತು. ಸ್ಕೋಪ್ ನಾನು ಕಂಡದ್ದನ್ನು ದೊಡ್ಡದು ಮಾಡಿ ತೋರಿಸುತ್ತದೆ, ನಾನಿಲ್ಲದ ಜಾಗದಲ್ಲಿ ನನ್ನ ಪರವಾಗಿ ಕಾವಲು ಕೂರುವುದಿಲ್ಲ. ಅದಕ್ಕೇ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಲೈವ್ ಕ್ಯಾಮೆರಾ ನೋಡಿ ಅದೇ ದಿನ ಹೊಡೆಯುವ ಹಾಗಿಲ್ಲ. ಬೂನ್ ಆ್ಯಂಡ್ ಕ್ರಾಕೆಟ್ ಕ್ಲಬ್, ಥಿಯೋಡರ್ ರೂಸ್‌ವೆಲ್ಟ್ 1887ರಲ್ಲಿ ಕಟ್ಟಿದ ಬೇಟೆಗಾರರ ಸಂಘ, ಅವರೂ ಲೈವ್ ಫೋಟೋ ನೆರವಿನಿಂದ ಹೊಡೆದ ಪ್ರಾಣಿಯನ್ನು ದಾಖಲೆ ಪುಸ್ತಕಕ್ಕೆ ಸೇರಿಸುವುದಿಲ್ಲ.

ಗಾಳಿ ಆ್ಯಪ್ ಅಂದಿರಲ್ಲ. ಆ್ಯಪ್ ಪಶ್ಚಿಮದ ಗಾಳಿ ಅನ್ನುತ್ತದೆ. ಗುಡ್ಡದ ಮಡಿಲಲ್ಲಿ ಬೆಳಿಗ್ಗೆ ಬಿಸಿಲು ಬಿದ್ದಮೇಲೆ ಗಾಳಿ ಮೇಲಕ್ಕೆ ಏರುತ್ತದೆ, ಸಂಜೆ ತಂಪಾದ ಕೂಡಲೇ ಕೆಳಕ್ಕೆ ಜಾರುತ್ತದೆ, ಹಳ್ಳದಲ್ಲಿ ಸುತ್ತು ಹೊಡೆಯುತ್ತದೆ. ಹತ್ತಿಯ ಎಳೆಯೋ, ಕಾಡಿನಲ್ಲೇ ಸಿಗುವ ಮಿಲ್ಕ್‌ವೀಡ್‌ನ ರೇಷ್ಮೆಯೋ ಕೈಯಿಂದ ಬಿಟ್ಟು ನೋಡಿ, ಆ್ಯಪ್ ಹೇಳಿದ್ದಕ್ಕೂ ಅದು ಹೋಗುವುದಕ್ಕೂ ಸಂಬಂಧವೇ ಇರುವುದಿಲ್ಲ.

ಕಾಫಿತೋಟ (ಕೊಡಗು)

ನಾನು ಬೇಟೆ ಆಡಿದವನಲ್ಲ, ಆಡುವ ಕಾಲದಲ್ಲಿ ಹುಟ್ಟಿದವನೂ ಅಲ್ಲ. ನಮ್ಮ ಮನೆಯಲ್ಲಿ ಕೋವಿ ಇದೆ, ನಮ್ಮವರಿಗೆ ಲೈಸೆನ್ಸ್ ವಿನಾಯಿತಿ ಇರುವುದು ನಿಮಗೆಲ್ಲ ಗೊತ್ತು. ಕೈಲ್‌ಪೊಳ್ದ್ ದಿನ ಒರೆಸಿ, ಹೂವಿಟ್ಟು ಪೂಜೆ ಮಾಡುತ್ತೇವೆ, ತೆಂಗಿನಕಾಯಿಗೆ ಗುರಿ ಇಡುತ್ತೇವೆ. ಅಷ್ಟೇ.

ಆದರೆ ಅಜ್ಜ ಹೇಳುತ್ತಿದ್ದದ್ದು ನೆನಪಿದೆ. ನೆಲ್ಲಿಕಾಯಿ ಉದುರುವ ಕಾಲದಲ್ಲಿ ಆ ಮರದ ಹತ್ತಿರ ಮರಸು ಕೂರುವವರು, ಅಂದರೆ ಅಡಗಿ ಕಾಯುವವರು, ಮರ ನೋಡಿ ಕೂರುತ್ತಿರಲಿಲ್ಲವಂತೆ, ಮುಸುವ ಯಾವ ಮರದಲ್ಲಿದೆ ಅಂತ ನೋಡುತ್ತಿದ್ದರಂತೆ. ಮುಸುವ ತಿಂದು ಬೀಳಿಸುವ ಚಿಗುರಿಗೆ, ಕಾಯಿಗೆ ಜಿಂಕೆ ಬಂದೇ ಬರುತ್ತದೆ. ಮೇಲಿನಿಂದ ಹುಲಿ ಕಂಡರೆ ಕೂಗುವುದೂ ಮುಸುವವೇ, ಕೆಳಗಿನವರಿಗೆ ಎರಡೂ ಲಾಭ. ಇದನ್ನು ಯಾವ ಕ್ಯಾಮೆರಾ ಹೇಳುತ್ತದೆ? ಕ್ಯಾಮೆರಾ ಮರದ ಬುಡ ಮಾತ್ರ ನೋಡುತ್ತದೆ.

ಬೇಟೆ ಹೋಯಿತು, ಹೋಗಬೇಕಿತ್ತು. ಆ ತಿಳಿವಳಿಕೆಯೂ ಅದರ ಜೊತೆಗೇ ಹೋಗುತ್ತಿದೆ ಅನ್ನುವುದು ಮಾತ್ರ ಬೇಸರ. ಈಗ ತೋಟದ ಹುಡುಗರಿಗೆ ಕಾಡುಕುರಿಯ ಹಿಕ್ಕೆ ಯಾವುದು, ಕಡವೆಯದು ಯಾವುದು ಗೊತ್ತಿಲ್ಲ.

ನಾಗರಹೊಳೆ ಹತ್ತಿರದವ (ಹುಣಸೂರು)

ಹುಲಿ ಗಣತಿಯ ಕ್ಯಾಮೆರಾ ಕೆಲಸಕ್ಕೆ ಹೋಗಿ ಬಂದವನು ನಾನು. ಕಾಫಿತೋಟ ಸರ್ ಹೇಳಿದ್ದು ಚೆನ್ನಾಗಿದೆ, ಆದರೆ ಹಳೇ ವಿದ್ಯೆ ಎಲ್ಲಾ ಸರಿ, ಯಂತ್ರ ಎಲ್ಲಾ ಕೆಟ್ಟದ್ದು ಅನ್ನುವ ದಾರಿಗೆ ಹೋಗಬೇಡಿ. ನಮ್ಮ ದೇಶದಲ್ಲಿ ಅದರ ಬೆಲೆ ಕಟ್ಟಿದ್ದೇವೆ. ದಶಕಗಳ ಕಾಲ ಹುಲಿ ಎಣಿಸುತ್ತಿದ್ದದ್ದು ಹೆಜ್ಜೆ ಗುರುತಿನಿಂದ. ನೆಲದಲ್ಲಿ ಬಿದ್ದ ಅಚ್ಚು ತೆಗೆದು ಇದು ಇಂಥ ಹುಲಿ ಅನ್ನುತ್ತಿದ್ದರು. ಕಾಗದದ ಮೇಲೆ ಹುಲಿ ಇದ್ದವು, ರಾಜಸ್ಥಾನದ ಸರಿಸ್ಕಾ ಕಾಡಿನಲ್ಲಿ 2004-05ರ ಹೊತ್ತಿಗೆ ಹುಡುಕಿದರೆ ಒಂದೂ ಇರಲಿಲ್ಲ. ಕಳ್ಳಬೇಟೆಯವರು ಮುಗಿಸಿಬಿಟ್ಟಿದ್ದರು.

ಅದಕ್ಕಿಂತ ಎಷ್ಟೋ ಮುಂಚೆಯೇ, 1990ರ ದಶಕದ ಶುರುವಿನಲ್ಲಿ, ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಕ್ಯಾಮೆರಾ ಇಟ್ಟು ಪಟ್ಟೆ ನೋಡಿ ಹುಲಿ ಗುರುತಿಸುವ ಕೆಲಸ ಶುರು ಮಾಡಿದ್ದರು. ದಾರಿಯ ಎರಡೂ ಪಕ್ಕ ಒಂದೊಂದು ಕ್ಯಾಮೆರಾ ಇರಬೇಕು. ಯಾಕೆಂದರೆ ಹುಲಿಯ ಎಡ ಮಗ್ಗುಲ ಪಟ್ಟೆ ಬೇರೆ, ಬಲ ಮಗ್ಗುಲದು ಬೇರೆ. ಒಂದೇ ಕಡೆ ಇಟ್ಟರೆ ಒಂದೇ ಹುಲಿಯನ್ನು ಎರಡು ಅಂತ ಎಣಿಸುವ ಅಪಾಯ. ದೇಶದ ಗಣತಿ ಈ ದಾರಿಗೆ ಬಂದದ್ದು ಸರಿಸ್ಕಾ ಆದಮೇಲೆ. 2006ರ ಲೆಕ್ಕ 1,411 ಅಂತ ಬಂದಾಗ ಎಲ್ಲರೂ ಬೆಚ್ಚಿದರು. 2018ರ ಗಣತಿಯಲ್ಲಿ ಬಿದ್ದ ಫೋಟೋ 3 ಕೋಟಿ 48 ಲಕ್ಷಕ್ಕೂ ಜಾಸ್ತಿ, ಅದರಲ್ಲಿ ಹುಲಿಯದು 76,651. ಮಿಕ್ಕದ್ದೆಲ್ಲಾ ಜಿಂಕೆ, ಆನೆ, ದನ, ನಾವು.

ಈಗ ಇನ್ನೊಂದು ಮುಖ. ಆ ಕ್ಯಾಮೆರಾ ಎಲ್ಲಿ ಕಟ್ಟಬೇಕು ಅಂತ ಹೇಳುವುದು ಯಾರು? ಜೊತೆಗೆ ಬರುವ ಜೇನುಕುರುಬ ವಾಚರ್. ನಾವು ಮ್ಯಾಪ್ ಹಿಡಿದು "ಇಲ್ಲಿ" ಅಂದರೆ ಅವರು ನಗುತ್ತಾರೆ. ನೂರು ಹೆಜ್ಜೆ ಮುಂದೆ ಕರೆದುಕೊಂಡು ಹೋಗಿ, ದಾರಿ ಕವಲೊಡೆಯುವ ಕಡೆ ನೆಲ ಕೆರೆದದ್ದು, ಮರದ ಬುಡಕ್ಕೆ ಉಚ್ಚೆ ಸಿಂಪಡಿಸಿದ ವಾಸನೆ ತೋರಿಸುತ್ತಾರೆ. ಹಗ್ಗ ಕಟ್ಟುವ ಮೊದಲು ಎದುರಿನ ಹುಲ್ಲು ಕೀಳಿ ಅಂತಾರೆ, ಇಲ್ಲದಿದ್ದರೆ ಗಾಳಿಗೆ ಹುಲ್ಲು ಆಡಿ ಆಡಿ ಕಾರ್ಡ್ ತುಂಬಾ ಹುಲ್ಲಿನ ಫೋಟೋ. ಎತ್ತರ ಎಷ್ಟು ಅಂದರೆ ಅವರದೇ ಮೊಣಕಾಲು ಅಳತೆ. ಕೊನೆಗೆ ವರದಿಯಲ್ಲಿ ಇವರ ಹೆಸರು ಎಲ್ಲೋ ಮೂಲೆಯಲ್ಲಿ, ಕೆಲವೊಮ್ಮೆ ಅದೂ ಇಲ್ಲ. ನನಗೆ ಸಿಟ್ಟು ಬರುವುದು ಅಲ್ಲಿ.

ಅದಕ್ಕೇ ಕ್ಯಾಮೆರಾ ವರ್ಸಸ್ ಕಾಡುವಿದ್ಯೆ ಅನ್ನುವ ಈ ಜಗಳ ನನಗೆ ಪೂರ್ತಿ ಹಿಡಿಸುವುದಿಲ್ಲ. ಎಣಿಸಲು ಕ್ಯಾಮೆರಾ ಬೇಕು. ಎಲ್ಲಿ ಇಡಬೇಕು ಅಂತ ಗೊತ್ತಾಗಲು ಮನುಷ್ಯ ಬೇಕು.

ಯೂಪಿ ಸೊಸೆ (ಮಿಷಿಗನ್)

ಯೂಪಿ ಅಂದರೆ ಉತ್ತರ ಪ್ರದೇಶ ಅಲ್ಲ, ಮಿಷಿಗನ್‌ನ ಮೇಲಿನ ತುಂಡು. ಅಪ್ಪರ್ ಪೆನಿನ್ಸುಲಾ. ಎಲ್ಲರೂ ಕೇಳುತ್ತಾರೆ, ಅದಕ್ಕೆ ಮೊದಲೇ ಹೇಳಿದೆ.

ನಾನು ದಾವಣಗೆರೆಯವಳು, ಮದುವೆಯಾದದ್ದು ಇಲ್ಲಿನವರನ್ನು. ನವೆಂಬರ್ 15 ಇಲ್ಲಿ ಹಬ್ಬ, ಕೋವಿ ಸೀಸನ್ ಶುರು. ಬೇಟೆ ಕಲಿಸಿದ್ದು ಮಾವ. ಗರಗಸದ ಮಿಲ್‌ನಲ್ಲಿ ದುಡಿದವರು, ಜನ್ಮದಲ್ಲಿ ಕ್ಯಾಮೆರಾ ಮುಟ್ಟಿರಲಿಲ್ಲ. ಸೊಂಟದ ಆಪರೇಷನ್ ಆದಮೇಲೆ ಕಾಡಿಗೆ ಹೋಗುವುದು ನಿಂತಿತು. ಕಿಟಕಿ ಹತ್ತಿರ ಕೂತು ಯಾರ ಜೊತೆಗೂ ಮಾತಿಲ್ಲ. ನಮ್ಮ ಯಜಮಾನರು ಒಂದು ಸೆಲ್ಯುಲರ್ ಕ್ಯಾಮೆರಾ ತಂದು ಅವರ ಹಳೇ ಜಾಗದಲ್ಲಿ ಕಟ್ಟಿದರು. ಮಾವ ಮೂರು ದಿನ ಅದನ್ನು ಬೈದರು. ಆಮೇಲೆ ಟ್ಯಾಬ್ಲೆಟ್ ಕೈಯಿಂದ ಬಿಡಲಿಲ್ಲ.

ಈಗ ಅವರು ಫೋಟೋ ತೋರಿಸಿ ನನಗೆ ಪಾಠ ಮಾಡುತ್ತಾರೆ. ಕೊಂಬು ನೋಡಬೇಡ, ಕೊಂಬು ಎಲ್ಲರೂ ನೋಡುತ್ತಾರೆ, ಕುತ್ತಿಗೆ ನೋಡು, ಅಕ್ಟೋಬರ್ ಶುರುವಿಗೂ ಈಗಿಗೂ ಎಷ್ಟು ದಪ್ಪ ಆಗಿದೆ ನೋಡು, ಬೆದೆ ಹತ್ತಿರ ಬಂತು. ಹಿಂಗಾಲಿನ ಗಂಟಿನ ಒಳಗಡೆ ಕೂದಲು ಕಪ್ಪಾಯಿತಲ್ಲ, ಅದು ಉಚ್ಚೆಯ ಕಲೆ. ಹಿಂದಿರುವ ಮರದ ಕೊಂಬೆಯ ತುದಿ ಮುರಿದಿದೆ ನೋಡು, ಅದನ್ನು ಬಾಯಲ್ಲಿ ಕಚ್ಚಿ ವಾಸನೆ ಬಿಟ್ಟು ಕೆಳಗೆ ನೆಲ ಕೆರೆದಿದೆ. ಇಷ್ಟೆಲ್ಲಾ ಒಂದೇ ಫೋಟೋದಲ್ಲಿ. ನಾನಾಗಿದ್ದರೆ "ಜಿಂಕೆ ಬಂದಿದೆ" ಅಂತ ಮುಂದಿನದಕ್ಕೆ ಹೋಗುತ್ತಿದ್ದೆ.

ಓಕ್ ಮರದಡಿ ಅಣ್ಣ, ನಿಮ್ಮ ಕ್ಯಾಂಪಿನ ಹುಡುಗರಿಗೆ ಕ್ಯಾಮೆರಾ ತೆಗೆಯಿರಿ ಅಂದರೆ ಕೇಳುವುದಿಲ್ಲ. ರಾತ್ರಿ ಅವರ ಫೋನ್ ತೆಗೆದುಕೊಂಡು ಒಂದೊಂದು ಫೋಟೋಗೂ ಪ್ರಶ್ನೆ ಕೇಳಿ. ಉತ್ತರ ಗೊತ್ತಿಲ್ಲದಿದ್ದರೆ ಬೆಳಿಗ್ಗೆ ನಡೆಸಿಕೊಂಡು ಹೋಗಿ ತೋರಿಸಿ.

ಹಿಮಜಾಡು (ವರ್ಮಾಂಟ್)

ಈ ಚರ್ಚೆಯಲ್ಲಿ ನನಗೆ ಬೇಕಾಗಿದ್ದ ಮಾತು ಇದು. ನಿಮ್ಮ ಮಾವನಿಗೆ ನನ್ನ ನಮಸ್ಕಾರ ಹೇಳಿ.

ಓಕ್ ಮರದಡಿ (ಪೆನ್ಸಿಲ್ವೇನಿಯಾ)

ಪ್ರಶ್ನೆ ಕೇಳುವ ಐಡಿಯಾ ಚೆನ್ನಾಗಿದೆ, ಮಾಡಿ ನೋಡುತ್ತೇನೆ. ಆದರೂ ಸೀಸನ್ ದಿನಗಳಲ್ಲಿ ಫೋಟೋ ಫೋನಿಗೆ ಬರುವುದನ್ನು ಆಫ್ ಮಾಡಿ ಅಂತ ಹೇಳುವವನೇ ನಾನು. ಅದು ಬದಲಾಗುವುದಿಲ್ಲ.

ಬ್ಯಾಟರಿ ಖಾಲಿ (ವಿಸ್ಕಾನ್ಸಿನ್)

ಆಫ್ ಮಾಡಿದರೆ ಬ್ಯಾಟರಿಯಾದರೂ ಉಳಿಯುತ್ತದೆ. ಚಳಿಗೆ ಮಾಮೂಲಿ ಆಲ್ಕಲೈನ್ ಸೆಲ್ ಹಾಕಿ ಹಾಕಿ ಸಾಕಾಗಿದೆ, ಲಿಥಿಯಂ ರೇಟ್ ನೋಡಿದರೆ ಜ್ವರ ಬರುತ್ತದೆ.

ಹೊಸಬ (ಒಹಾಯೊ)

ಎಲ್ಲಾ ಓದಿದೆ. ಈ ವರ್ಷ ಮೊದಲ ಸಲ ಶುರು ಮಾಡೋಣ ಅಂತಿದ್ದೇನೆ. ಒಂದು ಕ್ಯಾಮೆರಾ ಕೊಳ್ಳಲಾ ಬೇಡವಾ, ಅಷ್ಟು ಹೇಳಿ ಸಾಕು.

ಹಿಮಜಾಡು (ವರ್ಮಾಂಟ್)

ಮೊದಲು ಹಂಟರ್ ಎಜುಕೇಷನ್ ಕೋರ್ಸ್, ಆಮೇಲೆ ಕಿತ್ತಳೆ ಬಣ್ಣದ ಜಾಕೆಟ್. ಜಿಂಕೆಗೆ ಆ ಬಣ್ಣ ಎದ್ದು ಕಾಣುವುದಿಲ್ಲ, ಬೇರೆ ಬೇಟೆಗಾರರಿಗೆ ಕಾಣುತ್ತದೆ, ಜೀವ ಉಳಿಯುತ್ತದೆ.

ಕ್ಯಾಮೆರಾ ಬೇಕಾದರೆ ಕಾರ್ಡ್ ಹಾಕುವ ಅಗ್ಗದ್ದು ಒಂದು ಸಾಕು. ಆದರೆ ಅದಕ್ಕೂ ಮೊದಲು ಸೀಸನ್ ಮುಗಿದಮೇಲೆ, ಫೆಬ್ರವರಿ ಮಾರ್ಚ್‌ನಲ್ಲಿ ಎಲೆ ಇಲ್ಲದಾಗ ಕಾಡು ನಡೆಯಿರಿ. ಹೋದ ವರ್ಷ ಕೊಂಬು ಉಜ್ಜಿದ ಮರ, ಕೆರೆದ ನೆಲ, ಗೊರಸಿನ ದಾರಿ ಎಲ್ಲಾ ಬಿಚ್ಚಿಟ್ಟ ಹಾಗೆ ಕಾಣುತ್ತವೆ. ಆಗ ನೀವು ಎಷ್ಟು ಓಡಾಡಿದರೂ ತೊಂದರೆ ಇಲ್ಲ, ಬೇಟೆಗೆ ಇನ್ನೂ ತಿಂಗಳುಗಳಿವೆ. ಬಿಳಿ ಓಕ್ ಯಾವುದು ಅಂತ ಗುರುತು ಮಾಡಿಕೊಳ್ಳಿ. ಎಲೆಯ ಅಂಚು ಗುಂಡಗಿದ್ದರೆ ಬಿಳಿ, ಮುಳ್ಳಿನ ತುದಿ ಇದ್ದರೆ ಕೆಂಪು. ಬಿಳಿಯದರ ಕಾಯಿಗೆ ಒಗರು ಕಡಿಮೆ, ಜಿಂಕೆ ಮೊದಲು ಅದಕ್ಕೇ ಬೀಳುತ್ತದೆ. ಕ್ಯಾಮೆರಾ ಅಲ್ಲಿ ಕಟ್ಟಿ, ಉತ್ತರಕ್ಕೆ ಮುಖ ಮಾಡಿ, ಇಲ್ಲದಿದ್ದರೆ ಬಿಸಿಲು ಹೊಡೆದು ಫೋಟೋ ಬಿಳಿಚಿಕೊಳ್ಳುತ್ತದೆ.

ಹೊಸಬ (ಒಹಾಯೊ)

ತುಂಬಾ ಥ್ಯಾಂಕ್ಸ್ ಸರ್. ಕೋರ್ಸ್‌ಗೆ ಹೆಸರು ಕೊಟ್ಟೆ. ಬೂಟ್ ಯಾವುದು ಕೊಳ್ಳಲಿ?

ಯೂಪಿ ಸೊಸೆ (ಮಿಷಿಗನ್)

ಬೂಟಿನ ವಿಷಯಕ್ಕೆ ಬೇರೆ ಚರ್ಚೆ ಶುರು ಮಾಡಿ, ಇಲ್ಲಿ ಕೇಳಿದರೆ ಇವರಿಬ್ಬರೂ ಮತ್ತೆ ಹೊಡೆದಾಡುತ್ತಾರೆ. ಉಣ್ಣೆ ಕಾಲುಚೀಲ ಮಾತ್ರ ಎರಡು ಜೊತೆ ತೆಗೆದುಕೊಳ್ಳಿ.